ಎಡಗೈ ಕೊಟ್ಟವನು

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಅತ್ತೆ ಆಗಲೇ ಫೋನ್ ಹಿಡಿದು ಕೂತಿದ್ದರು.

"ಗಾಡಿ ಬಾಗಿಲು ಹಾಕೋವಾಗ ನನ್ನ ಸೊಸೆ ಕಿರುಚಿದ್ದು ಕೇಳಿಸ್ಕೊಂಡ್ಯಾ? ಕಲ್ಲೂ ಕರಗ್ಬೇಕು! ಅಂಥಾ ಪ್ರೀತಿ ಕಣೇ..."

ಸೊಸೆ ಅಡುಗೆಮನೆಯಲ್ಲಿ ಎಡಗೈಯಿಂದ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಬೆಣ್ಣೆ ಬ್ರೆಡ್ಡಿಗಿಂತ ತಟ್ಟೆಗೇ ಹೆಚ್ಚು ಮೆತ್ತಿಕೊಂಡಿತ್ತು. ಬಲಗೈಯ ಮೂರು ಬೆರಳು ಊದಿ, ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

ಪ್ರೀತಿಯಂತೆ!

ಶವದ ಗಾಡಿಯ ಬಾಗಿಲಿಗೆ ಬೆರಳು ಸಿಕ್ಕಿತ್ತು. ಅದಕ್ಕೇ ಕಿರುಚಿದ್ದು. ಯಾರೋ ಬಾಗಿಲು ತೆಗೆದರು, ಯಾರೋ ಅವಳನ್ನು ಹಿಂದಕ್ಕೆ ಸರಿಸಿದರು. ಯಾರೆಂದು ಅವಳು ನೋಡಲಿಲ್ಲ. ಗಂಡ ಹೋದ ಸುದ್ದಿ ಬಂದಾಗ ಅಳು ಬರಲಿಲ್ಲ. ಮುಖ ನೋಡಿದಾಗಲೂ ಬರಲಿಲ್ಲ. ಅತ್ತದ್ದು ಒಂದೇ ಸಲ, ಅದೂ ತನ್ನ ಬೆರಳಿಗೆ.

ಕೈ ನೋವು ಎಂದು ಬಾಯಿಬಿಟ್ಟರೆ ಸಾಕು, ಎಲ್ಲಿ, ಯಾವಾಗ ಎಂದು ಕೇಳುತ್ತಾರೆ. ಆಗ ಕಲ್ಲು ಕರಗಿಸಿದ ಆ ಅಳುವಿನ ಬಂಡವಾಳ ಬಯಲಾಗುತ್ತದೆ. ಮಗನನ್ನು ಕಳೆದುಕೊಂಡ ಅತ್ತೆಗೆ ಈಗ ಉಳಿದಿರುವುದು ಆ ಕಿರುಚಾಟ ಒಂದೇ. ಅದನ್ನೂ ಕಿತ್ತುಕೊಳ್ಳುವುದೇ?

ಬೆರಳು ಮುಚ್ಚುವಷ್ಟು ಉದ್ದ ತೋಳಿನ ಅಂಗಿ ತೊಟ್ಟು ಅವಳು ಕೆಲಸಕ್ಕೆ ಹೊರಟಳು.

ಅವಳ ಕೆಲಸವೋ, ದೊಡ್ಡ ಸಭಾಂಗಣವೊಂದರ ಸ್ವಾಗತ ವಿಭಾಗದಲ್ಲಿ. ಬಂದವರಿಗೆ ನಗು ಕೊಡಬೇಕು, ಕೈ ಕೊಡಬೇಕು. ಅವತ್ತು ಎಲ್ಲರೂ ಅವಳಿಗೇ ಕೈ ಕೊಡಲು ಸಾಲುಗಟ್ಟಿದ್ದರು.

ಎಂಥೆಂಥಾ ಕೈಗಳು! ಲೆಕ್ಕ ವಿಭಾಗದವಳದು ಒದ್ದೆ ಬಟ್ಟೆ ಹಿಂಡುವ ಕೈ. ಎಷ್ಟು ಹಿಂಡಿದರೆ ಅಷ್ಟು ಸಂತಾಪ ಎಂದು ಅವಳ ಲೆಕ್ಕ. ಕಾವಲಿನವನದು ಪಂಪು ಹೊಡೆಯುವ ಕೈ. ಇನ್ನು ಕೆಲವರದು ಕೊಟ್ಟ ತಕ್ಷಣ ಪ್ಯಾಂಟಿಗೆ ಒರೆಸಿಕೊಳ್ಳುವ ಕೈ, ಸಾವು ಅಂಟುರೋಗ ಎಂಬಂತೆ.

ಅವಳು ಬಲಗೈಯಲ್ಲಿ ಫೈಲು ತಬ್ಬಿಕೊಂಡಳು. ಕೆಲವರು ಫೈಲಿನ ಮೂಲೆಯನ್ನೇ ಕುಲುಕಿ ಹೋದರು. ಆಮೇಲೆ ಕಾಫಿ ಲೋಟ ಹಿಡಿದಳು. ಅದೂ ತಣ್ಣಗಾಯಿತು. ಕೊನೆಗೆ, "ನೆಗಡಿ ಇದೆ, ಕೈ ಬೇಡ," ಎನ್ನತೊಡಗಿದಳು.

"ನೆಗಡಿಗೆಲ್ಲ ಹೆದರೋನಲ್ಲಮ್ಮಾ ನಾನು!" ಎಂದರು ಮ್ಯಾನೇಜರು. ಎರಡೂ ಅಂಗೈಗಳ ನಡುವೆ ಅವಳ ಕೈಯಿಟ್ಟು ಒತ್ತಿದರು. "ಧೈರ್ಯ ತಂದ್ಕೋಬೇಕು, ಏನು?"

ಅವಳ ಕಣ್ಣಲ್ಲಿ ನೀರು ಚಿಮ್ಮಿತು.

"ಅತ್ಬಿಡು, ಅತ್ಬಿಡು..." ಮ್ಯಾನೇಜರು ಸುತ್ತ ನೋಡಿದರು. ತಾವೇ ಅಳಿಸಿದೆವೆಂಬ ಹೆಮ್ಮೆ ಮುಖದಲ್ಲಿ!

*ಮೂರ್ಖ,* ಎಂದುಕೊಂಡಳು. *ಸ್ವಲ್ಪ ಸಡಿಲ ಮಾಡು, ಅಳು ತಾನಾಗೇ ನಿಲ್ಲುತ್ತೆ.*

ಸಾಲಿನ ಕೊನೆಯಲ್ಲಿ ಒಬ್ಬ ಅಪರಿಚಿತ. ಅಂಗಿಯ ತುದಿಯಲ್ಲಿ ಒಣಗಿದ ಅಂಟು.

"ನಾನು... ನಿಮ್ಮ ಯಜಮಾನರ ಜೊತೆ ಕೆಲಸ ಮಾಡ್ತಿದ್ದೆ."

ಅವನು ಕೈ ಚಾಚಿದ. ಎಡಗೈ!

ಎಲ್ಲರೂ ನೋಡುತ್ತಿದ್ದರು. ಅವಳ ಮುಖ ಬಿಸಿಯಾಯಿತು. ಗಂಡ ಸತ್ತವಳಿಗೆ ಇಷ್ಟು ಮರ್ಯಾದೆ ಸಾಕು ಎಂದೇ?

"ಬಲಗೈ ಮನೇಲಿ ಬಿಟ್ಟು ಬಂದ್ರಾ?"

"ಇಲ್ಲ... ಇದೇ ಸಾಕು ಅನ್ಕೊಂಡೆ."

"ನನಗೂ ಸಾಕು. ಹೊರಡಿ," ಎಂದು ಬೆನ್ನು ತಿರುಗಿಸಿದಳು. ಅಷ್ಟು ಜನರ ನಡುವೆ ಅವಳ ಬಲಗೈ ಕೇಳದೆ ಹೋದವನು ಅವನೊಬ್ಬನೇ ಎಂದು ಆಗ ಹೊಳೆಯಲಿಲ್ಲ.

ಕೆಲವು ವಾರಗಳು ಕಳೆದವು. ಕೈ ಕೊಡುವವರಿಗೆ ಬೇಸರ ಬಂತು, ಅಷ್ಟು ಬೇಗ! ಬೆರಳ ಬಣ್ಣ ಇಳಿಯಿತು. ಆದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ.

ಒಂದು ಭಾನುವಾರ ಗಂಡನ ಮೇಜಿನ ಮುಂದೆ ಕೂತಳು. ಕಟ್ಟಡ ಕಟ್ಟುವ ಮೊದಲು ಗಿರಾಕಿಗಳಿಗೆ ತೋರಿಸಲು ರಟ್ಟಿನಲ್ಲಿ ಅದರ ಪುಟ್ಟ ಮಾದರಿ ಮಾಡುವುದು ಅವನ ಕೆಲಸವಾಗಿತ್ತು. ಮೇಜಿನ ಮೇಲೆ ಅರ್ಧ ಕತ್ತರಿಸಿದ ಒಂದು ಗೋಡೆ, ಪಕ್ಕದಲ್ಲಿ ಆ ದರಿದ್ರ ಕತ್ತರಿ.

"ಆ ಮೊಂಡು ಕತ್ತರಿ ವಾಪಸ್ ಕೊಟ್ಬಿಡೋ. ರಟ್ಟು ಅಗಿಯುತ್ತೆ ಅಷ್ಟೆ," ಎಂದು ಎಷ್ಟು ಸಲ ರೇಗಿದ್ದಳು!

"ನಮ್ಮ ಉಲ್ಟಾನದ್ದು ಕಣೇ. ಅವನ ಕೈಲಿ ಬೆಣ್ಣೆ ಥರ ಹೋಗುತ್ತೆ. ಕತ್ತರಿಗೂ ನನ್ನ ಕಂಡ್ರೆ ಆಗಲ್ಲ!" ಎನ್ನುತ್ತಿದ್ದ ಅವನು.

ಉಲ್ಟಾ ಎಂದರೆ ಯಾರೋ ತಲೆತಿರುಕ ಗೆಳೆಯನಿರಬೇಕು ಎಂದುಕೊಂಡಿದ್ದಳು, ಅಷ್ಟೆ.

ಸುಮ್ಮನೆ, ಎಡಗೈಯಲ್ಲಿ ಆ ಕತ್ತರಿ ಎತ್ತಿಕೊಂಡಳು. ರಟ್ಟಿಗೆ ತಾಗಿಸಿದಳು.

ಬೆಣ್ಣೆ!

ಮತ್ತೊಂದು ತುಂಡು ಕತ್ತರಿಸಿದಳು. ಅಲಗುಗಳನ್ನು ತಿರುಗಿಸಿ ನೋಡಿದಳು. ಎಲ್ಲ ಕತ್ತರಿಗಳ ಹಾಗಲ್ಲ, ಅದಲುಬದಲು. ಎಡಗೈಯವರಿಗೆಂದೇ ಮಾಡಿದ ಕತ್ತರಿ! ಅದನ್ನು ಬಲಗೈಯಲ್ಲಿ ಹಿಡಿದು ತಿಂಗಳುಗಟ್ಟಲೆ ಒದ್ದಾಡಿದ್ದ ಪೆದ್ದ... ಅವಳಿಗೆ ನಗು ಬಂತು. ನಗುತ್ತಲೇ ಕಣ್ಣಮುಂದೆ ಚಾಚಿದ ಒಂದು ಎಡಗೈ ಬಂದು ನಿಂತಿತು.

ಮರುದಿನ ಗಂಡನ ಕಾರ್ಯಾಗಾರಕ್ಕೆ ಹೋದಳು. ಅಂಟಿನ ವಾಸನೆ, ಮೊಣಕಾಲೆತ್ತರದ ರಟ್ಟಿನ ಊರುಗಳು. ಅವಳ ಕೈಯಲ್ಲಿ ಕತ್ತರಿ ನೋಡಿ ಉಲ್ಟಾ, ಅವತ್ತು ಎಡಗೈ ಚಾಚಿದವನೇ, ಎದ್ದು ನಿಂತ.

"ಇದು ಎಡಗೈ ಕತ್ತರಿ ಅಂತ ಅವನಿಗೆ ಹೇಳೇ ಇರ್ಲಿಲ್ವಾ?"

"ತಾನಾಗೇ ಕಂಡುಹಿಡೀಲಿ ಅಂತ ಬಿಟ್ಟಿದ್ದೆ," ಎಂದ. "ಗೊತ್ತಾದ ದಿನ ಬಂದು ನನ್ನ ಕತ್ತು ಹಿಸುಕ್ತಾನೆ, ಇಬ್ರೂ ಬಿದ್ದು ಬಿದ್ದು ನಗ್ತೀವಿ ಅನ್ಕೊಂಡಿದ್ದೆ..."

"ನನಗೆ ಎಡಗೈ ಕೊಟ್ಟಿದ್ದೂ ಅಭ್ಯಾಸಬಲದಿಂದಲೇ ಅನ್ನಿ. ನಾನು ಸುಮ್ಮನೆ ಕೂಗಾಡ್ದೆ."

"ಇಲ್ಲ. ಕೈ ಕುಲುಕೋದೆಲ್ಲ ನಾನೂ ಬಲಗೈಲೇ."

"ಮತ್ತೆ?"

ಅವನು ಅವಳ ಉದ್ದ ತೋಳಿನತ್ತ ನೋಡಿದ. "ಅವತ್ತು ಗಾಡಿ ಬಾಗಿಲು ತೆಗೆದಿದ್ದು ನಾನು."

ಹಾಗಾದರೆ ಇವನಿಗೆ ಗೊತ್ತು!

"ಸರಿ, ಸಾರ್ಕೊಂಡು ಬನ್ನಿ ಹಾಗಾದ್ರೆ!" ಎಂದು ಹರಿಹಾಯ್ದಳು. "ಇವಳು ಅತ್ತಿದ್ದು ಬೆರಳಿಗೆ, ಗಂಡನಿಗಲ್ಲ ಅಂತ. ನಮ್ಮತ್ತೆಗೂ ಹೇಳಿ!"

ಅವನಿಗೆ ಅರ್ಥವಾಗಲಿಲ್ಲ.

"ಬೆರಳಿಗಾಗಿದ್ರೆ ಬಾಗಿಲು ತೆಗೆದ ತಕ್ಷಣ ಕೈ ಎಳ್ಕೊಳ್ತಿದ್ರಿ..." ಎಂದ ಮೆಲ್ಲಗೆ. "ನೀವು ಎಳ್ಕೊಳ್ಲಿಲ್ಲ. ಅದೇ ಕೈಲಿ ಗಾಡಿ ಚೌಕಟ್ಟು ಹಿಡ್ಕೊಂಡೇ ಇದ್ರಿ. ಬಿಡಿ ಅಂದೆ, ಬಿಡ್ಲಿಲ್ಲ. ನೋವಾಗುತ್ತೆ ಅಂತ ಗೊತ್ತಿದ್ರೂ ಒಂದೊಂದೇ ಬೆರಳು ನಾನೇ ಬಿಡಿಸ್ಬೇಕಾಯ್ತು. ಆಮೇಲೆ ಆ ಕೈಯನ್ನ ಮತ್ತೆ ಮುಟ್ಟೋ ಧೈರ್ಯ ಆಗ್ಲಿಲ್ಲ."

ಕಬ್ಬಿಣದ ತಣ್ಣನೆಯ ಅಂಚು ಅವಳ ಅಂಗೈಗೆ ನೆನಪಾಯಿತು. ಹೌದು. ಹಿಡಿದಿದ್ದಳು. ಗಾಡಿ ಹೋಗಬಾರದು ಎಂದು ಹಿಡಿದಿದ್ದಳು.

ಅವಳು ಅತ್ತಳು. ಈ ಸಲ ಯಾರೂ ಕೈ ಹಿಂಡುತ್ತಿರಲಿಲ್ಲ. ಅವನು ಅತ್ಬಿಡು ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. ಒಂದು ಸ್ಟೂಲು ತಂದಿಟ್ಟು, ಕಿಟಕಿಯತ್ತ ತಿರುಗಿ ನಿಂತ. ಅವನ ಬೆನ್ನೂ ಅಲುಗುತ್ತಿತ್ತು.

ತುಂಬಾ ಹೊತ್ತಿನ ಮೇಲೆ ಕೇಳಿದ, "ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ."

"ನಾನೂ ಬರ್ಲಾ?"

ಅವಳು ಬೇಡವೆನ್ನಲಿಲ್ಲ. ಎದ್ದು ಬಂದು, ಅವನ ಎಡ ಅಂಗೈಯಲ್ಲಿ ಕತ್ತರಿಯಿಟ್ಟಳು. ತನ್ನ ಎಡಗೈಯಿಂದಲೇ.

"ಅವನ ಪರವಾಗಿ ನಿಮ್ಮ ಕತ್ತು ಹಿಸುಕೋದೊಂದು ಬಾಕಿ ಇದೆ."

ಅವನು ಕತ್ತರಿಯ ಮೇಲೆ ಮೆಲ್ಲಗೆ ಬೆರಳು ಮಡಚಿದ.

"ಮೊದ್ಲು ಕೈ ವಾಸಿಯಾಗ್ಲಿ... ಕಾಯ್ತೀನಿ."