ದೋಣಿ ಬಿಡದ ಅಂಬಿಗ

ಒಣಗಿದ ಬಟ್ಟೆಯ ರಾಶಿ ಮಂಚದ ಮೇಲೆ ಬಿದ್ದಿತ್ತು. ಅವಳು ಒಂದೊಂದನ್ನೇ ಕೊಡವಿ ಮಡಚುತ್ತಿದ್ದಳು. ಪಕ್ಕದ ಮೇಜಿನ ಮೇಲಿದ್ದ ಕೀಬೋರ್ಡಿನ ಒಂದು ಗುಂಡಿಯ ಮೇಲೆ ಪುಟ್ಟ ಬೀಗವೊಂದು ಕೂತಿತ್ತು. ಬೀಗದ ಭಾರಕ್ಕೆ ಗುಂಡಿ ಅದುಮಿಕೊಂಡೇ ಇದ್ದುದರಿಂದ, ತೆರೆಯ ಮೇಲಿನ ಬೊಂಬೆಮನುಷ್ಯ ಸೇತುವೆಯ ಕಟಕಟೆಗೆ ಹಣೆಯೊತ್ತಿ ನಡೆಯುತ್ತಲೇ ಇದ್ದ.

ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಆ ಬಡಪಾಯಿ ಬೆಳಗ್ಗಿಂದ ತಲೆ ಚಚ್ಕೋತಾ ಇದಾನಲ್ಲೇ. ನಿನಗೇನು ಮಾಡಿದ್ದ ಪಾಪ?”

“ಎಲ್ಲಾದ್ರೂ ತೂರ್ಕೊಂಡು ಹೋಗ್ತಾನಾ ನೋಡ್ಬೇಕು ಚಿಕ್ಕಮ್ಮ.”

“ಇದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ?”

“ಇಲ್ಲ.”

“ಹಾಗಾದ್ರೆ ಅವನಿಗೂ ನಿನಗೂ ಬುದ್ಧಿ ಸಮಸಮ.”

ಯಾರೋ ಹೊಲಿದ ಅಂಗಿಗೆ ಇನ್ಯಾರೋ ಜೇಬು ಹಚ್ಚಿದ ಹಾಗೆ, ಯಾವುದೋ ಕಂಪನಿ ಮಾಡಿದ ವಿಡಿಯೊ ಗೇಮಿಗೆ ಹವ್ಯಾಸಿಗಳು ತಮ್ಮದೊಂದು ದ್ವೀಪವನ್ನೋ ಕೋಟೆಯನ್ನೋ ಸೇರಿಸುತ್ತಾರೆ. ಅದಕ್ಕೆ ‘ಮಾಡ್’ ಎಂದು ಹೆಸರು. ಅದು ಜನರ ಕೈಗೆ ಹೋಗುವ ಮೊದಲು ಆಡಿ ನೋಡಿ, ಎಲ್ಲಿ ಕೆಟ್ಟಿದೆ ಎಂದು ಹೇಳುವವಳು ಇವಳು. “ಮಾಡು ಅಂದ್ರೆ ಏನ್ ಮಾಡೋದು?” ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, “ಮಾಡಿದ್ದನ್ನೇ ಮಾಡೋದು” ಎಂದಿದ್ದಳು.

ಭಾನುವಾರ ಬಿಟ್ಟರೆ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಮಿಕ್ಕ ಹೊತ್ತೆಲ್ಲ ಇದು. ಕಂಡ ಗೋಡೆಗೆಲ್ಲ ಹಾಯ್ದು ನೋಡುತ್ತಾಳೆಂದು ಇಂಟರ್ನೆಟ್ಟಿನ ಮಾಡ್ ಗುಂಪಿನವರು ಅವಳಿಗೆ ‘ಗೋಡೆ’ ಎಂದೇ ಅಡ್ಡಹೆಸರಿಟ್ಟಿದ್ದರು. ಆಟದೊಳಗೂ ಅವಳದು ಅದೇ ಹೆಸರು.

ಬೊಂಬೆಮನುಷ್ಯ ಸರಕ್ಕನೆ ಜಾರಿದ. ಸೇತುವೆ ಮುರಿದು ನೀರಿಗೆ ಬಿತ್ತು. ಅವಳು ಮಡಚುತ್ತಿದ್ದ ದಿಂಬಿನ ಚೀಲ ಬಿಟ್ಟು, ಆ ದ್ವೀಪ ಕಟ್ಟಿದವನಿಗೆ ವರದಿ ಬರೆದು ಕಳಿಸಿದಳು. ಬಟ್ಟೆ ಮಡಚಿ ಮುಗಿಯುವಷ್ಟರಲ್ಲಿ ಉತ್ತರ ಬಂತು.

“ನನ್ನ ಸೇತುವೆ ಬೀಳಿಸಿದವರು ನೀವೇನಾ?”

“ನಾನು ಬೀಳಿಸಿಲ್ಲ. ಅದು ಬೀಳೋದಿತ್ತು. ನಾನು ನೋಡ್ತಾ ಇದ್ದೆ, ಅಷ್ಟೆ.”

“ಅದನ್ನ ಕಟ್ಟೋಕೆ ತಿಂಗಳಾಯ್ತು ರೀ.”

“ಇನ್ನೊಂದು ತಿಂಗಳು ತಗೊಳ್ಳಿ. ನಾನೆಲ್ಲೂ ಓಡಿಹೋಗಲ್ಲ.”

ಅವನು ಬರೆದ: “ಹಾಗಂದವರು ನೀವೊಬ್ರೇ, ಗೋಡೆಯವರೇ.”

ಅವನು ಲಿಫ್ಟ್ ರಿಪೇರಿ ಮಾಡುವವನು. ಗುಂಪಿನಲ್ಲೆಲ್ಲ ‘ಲಿಫ್ಟಿನವನು’. “ಜನ ಮೇಲೆ ಹೋಗ್ತಾರೆ, ಕೆಳಗೆ ಬರ್ತಾರೆ. ನಾನು ಎರಡು ಮಹಡಿ ಮಧ್ಯೆ ಕತ್ತಲಲ್ಲಿ ನೇತಾಡ್ತಿರ್ತೀನಿ. ಅಲ್ಲಿ ಕೂತೇ ಈ ದ್ವೀಪ ಹೊಳೀತು” ಎಂದು ಒಮ್ಮೆ ಹೇಳಿದ್ದ. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಪ್ರತಿ ಉತ್ತರದ ಕೊನೆಗೆ “ಊಟ ಆಯ್ತಾ?” ಎಂದು ಕೇಳುತ್ತಿದ್ದ.

ಆ ಎರಡು ಮಾತಿಗಾಗಿ ಅವಳು ಇಲ್ಲದ ದೋಷವನ್ನೂ ಹುಡುಕತೊಡಗಿದಳು. ಬಾಗಿಲ ಬಣ್ಣ, ಹಕ್ಕಿಯ ನೆರಳು... ಏನು ಸಿಕ್ಕಿದರೂ ಸರಿ. ದೋಷ ಮುಗಿದ ದಿನ ಮಾತೂ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಹಿಂದೆಲ್ಲ ಹಾಗೇ ಆಗಿತ್ತು. ತಪ್ಪು ತೋರಿಸಿದಷ್ಟು ದಿನ “ಅಕ್ಕಾ, ಅಕ್ಕಾ” ಎನ್ನುವವರು, ಆಟ ಬಿಡುಗಡೆಯಾದ ಮೇಲೆ ತಿರುಗಿ ನೋಡುತ್ತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ದ್ವೀಪದಲ್ಲೂ ಒಬ್ಬ ಅಂಬಿಗನಿದ್ದ. ಎಲ್ಲ ಕೆಲಸ ಮುಗಿಸಿ ದೋಣಿ ಹತ್ತಿದರೆ, “ಹೋಗಿ ಬನ್ನಿ” ಎಂದು ಆಚೆ ದಡಕ್ಕೆ ಬಿಡಬೇಕು. ಅಲ್ಲಿಗೆ ಆಟ ಮುಗಿಯಿತು. ಕೊನೆಯ ಸುತ್ತು ಪರೀಕ್ಷೆಯಲ್ಲಿ ಅವಳು ದೋಣಿ ಹತ್ತಿದಳು. ಅಂಬಿಗ ಹುಟ್ಟು ಮುಟ್ಟಲಿಲ್ಲ.

“ಕೆಲಸ ಮುಗೀತು ಅಂತ ಗೊತ್ತು. ಇನ್ನೂ ಸ್ವಲ್ಪ ಹೊತ್ತು ಇರಬಹುದಲ್ವಾ?” ಎಂದ.

ದೋಣಿ ಕದಲಲಿಲ್ಲ. ಮತ್ತೆ ಹತ್ತಿದಳು, ಮತ್ತೆ ಅದೇ ಮಾತು. ಅವಳು ಎಂದಿನಂತೆ ಬರೆದಳು: “ಕೆಲಸ ಮುಗಿದ ಮೇಲೂ ಅಂಬಿಗ ಬಿಡುವುದಿಲ್ಲ. ಆಡುವವರಿಗೆ ಕಿರಿಕಿರಿ. ಆ ಮಾತನ್ನು ತೆಗೆಯುವುದು ಒಳ್ಳೆಯದು.”

ಉತ್ತರ ಮರುದಿನ ಬಂತು. “ತೆಗೆದಿದ್ದೇನೆ. ತೊಂದರೆಗೆ ಕ್ಷಮಿಸಿ.”

ಊಟ ಆಯಿತೇ ಎಂದು ಕೇಳಿರಲಿಲ್ಲ.

ಆಮೇಲೂ ಕೇಳಲಿಲ್ಲ. ಬರೆದದ್ದಕ್ಕೆಲ್ಲ ‘ಸರಿ’, ‘ಆಯಿತು’, ಅಷ್ಟೇ. ಅವಳು ಅಂಗಡಿಯಲ್ಲಿ ಒಂದೇ ಗಾಜನ್ನು ಉಜ್ಜುತ್ತಾ ನಿಂತುಬಿಡುತ್ತಿದ್ದಳು. ಇವನೂ ಎಲ್ಲರಂತೆಯೇ... ಕೆಲಸ ಮುಗಿಯಿತು, ಮಾತು ಮುಗಿಯಿತು. ಸಿಟ್ಟು ಮಾಡೋಣವೆಂದರೆ ಯಾವ ಹಕ್ಕಿನಿಂದ? ‘ನನ್ನಿಂದೇನು ತಪ್ಪಾಯಿತು’ ಎಂದು ಒಂದು ಕಾಗದ ಶುರುಮಾಡಿದಳು. ಕಳಿಸಲಿಲ್ಲ. ದಿನಾ ತೆರೆದು ಒಂದು ಸಾಲು ಸೇರಿಸಿ, ಎರಡು ಸಾಲು ಅಳಿಸಿ ಮುಚ್ಚಿಡುತ್ತಿದ್ದಳು.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ‘ಚಿಟಿಕೆ’. ಅವಳೂ ಇದೇ ದ್ವೀಪವನ್ನು ಆಡಿ ನೋಡುತ್ತಿದ್ದಳು. ಒಂದು ಸಂಜೆ ಅವಳ ಫೋನು ಬಂತು.

“ಅಕ್ಕಾ, ನೀನು ಬರೆದಿದ್ಯಲ್ಲ, ಅಂಬಿಗ ಬಿಡಲ್ಲ ಅಂತ. ನಮಗ್ಯಾರಿಗೂ ಅದು ಬರಲೇ ಇಲ್ಲ ಗೊತ್ತಾ?”

“ಸರಿಯಾಗಿ ನೋಡಿರಲ್ಲ ನೀನು.”

“ಅಯ್ಯೋ, ಹಳೇ ಪ್ರತಿನೇ ಹಾಕಿ ನಾಕು ಸಲ ದೋಣಿ ಹತ್ತಿದೆ. ಹೋಗಿ ಬನ್ನಿ ಅಂದ, ಬಿಟ್ಟ. ನಿಂಗೊಬ್ಬಳಿಗೇ ಏನು ಸ್ಪೆಷಲ್ಲು?”

ಅವಳು ಫೋನಿಟ್ಟು ಹಳೆಯ ಪ್ರತಿಯನ್ನು ತೆರೆದಳು. ಹೆಸರು ಕೇಳಿದ ಜಾಗದಲ್ಲಿ ‘ಚಿಟಿಕೆ’ ಎಂದು ಕೊಟ್ಟಳು. ಅಂಬಿಗ “ಹೋಗಿ ಬನ್ನಿ” ಎಂದ, ದೋಣಿ ಹೊರಟಿತು. ಚಿಕ್ಕಮ್ಮನ ಹೆಸರು ಕೊಟ್ಟಳು. ಹೊರಟಿತು. ಬಾಯಿಗೆ ಬಂದ ಹೆಸರೆಲ್ಲ ಕೊಟ್ಟಳು. ದೋಣಿ ಹೋಗುತ್ತಲೇ ಇತ್ತು.

ಕೊನೆಗೆ ‘ಗೋಡೆ’ ಎಂದು ಕೊಟ್ಟಳು.

“ಕೆಲಸ ಮುಗೀತು ಅಂತ ಗೊತ್ತು. ಇನ್ನೂ ಸ್ವಲ್ಪ ಹೊತ್ತು ಇರಬಹುದಲ್ವಾ?”

ಬಾಯಿಬಿಟ್ಟು ಹೇಳಲಾರದವನು ಬೊಂಬೆಯ ಬಾಯಲ್ಲಿ ಹೇಳಿಸಿದ್ದ. ಇವಳು ಅದನ್ನು ಕಿರಿಕಿರಿ ಎಂದು ಬರೆದು, ತೆಗೆಸಿಯೂ ಹಾಕಿದ್ದಳು. ಅವನು ಕ್ಷಮೆಯನ್ನೂ ಕೇಳಿದ್ದ...

ತಿಳಿದ ಮೇಲೆ ಕಾಗದ ಇನ್ನೂ ಕಷ್ಟವಾಯಿತು. ‘ಈಗೇನೆಂದು ಬರೆಯಲಿ? ಆಗಿನ ಮನಸ್ಸು ಈಗಲೂ ಇದೆಯೋ ಇಲ್ಲವೋ.’ ಹೀಗೇ ದಿನ ತಳ್ಳಿದಳು. ದ್ವೀಪ ಬಿಡುಗಡೆಯಾಯಿತು. ಆ ಶನಿವಾರ ಸಂಜೆ ಅವನು ಗುಂಪಿನಲ್ಲಿ ಬರೆದ: “ಎಲ್ಲರಿಗೂ ಧನ್ಯವಾದ. ನನ್ನ ಕೆಲಸ ಆಯಿತು. ರಾತ್ರಿಗೆ ಈ ಖಾತೆ ಮುಚ್ಚುತ್ತಿದ್ದೇನೆ.”

ಖಾತೆ ಮುಚ್ಚಿದರೆ ಅವನನ್ನು ಹುಡುಕಲು ಇವಳಿಗೆ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ.

ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಕನ್ನಡಕವಿಲ್ಲದೆ ತೆರೆಯ ಮೇಲಿನ ಅಕ್ಷರ ಕಾಣದು. ಮಗಳಂತೆ ಸಾಕಿದ ಹುಡುಗಿಯ ಮುಖ ಕಾಣುತ್ತಿತ್ತು.

“ದಿನಾ ತೆಗೆದು ನೋಡ್ತೀಯಲ್ಲ, ಅದನ್ನ ಕಳಿಸಿದ್ಯಾ?”

“ಇನ್ನೊಂದ್ಸಲ ಓದಿ ಕಳಿಸ್ತೀನಿ ಚಿಕ್ಕಮ್ಮ. ತಪ್ಪಿದ್ರೆ?”

“ಓದು, ಓದು. ನೀನು ಓದಿ ಮುಗಿಸೋ ಹೊತ್ತಿಗೆ ಅವನಿಗೆ ಮೊಮ್ಮಕ್ಕಳಾಗಿರ್ತವೆ.”

“ಅವನು ಅಂತ ನಿನಗ್ಯಾರು ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ಅನ್ನ ತಟ್ಟೇಲೇ ಆರೋಗ್ತಿದೆ ನಿಂದು.” ಚಿಕ್ಕಮ್ಮ ಅವಳ ಬೆನ್ನು ಸವರಿದಳು. “ನಾನೆಷ್ಟು ದಿನ ಇರ್ತೀನಿ ಹೇಳು.”

ಅವಳು ಕೂಡಿಸಿದ್ದನ್ನೆಲ್ಲ ಅಳಿಸಿದಳು. ಬೆರಳು ಓಡಿದಂತೆ ಹೊಸದಾಗಿ ಬರೆದಳು.

“ಲಿಫ್ಟಿನವರೇ, ಅಂಬಿಗನ ಬಗ್ಗೆ ನಾನು ಬರೆದದ್ದು ತಪ್ಪು. ಅದು ನನಗೇ ಹೇಳಿದ್ದು ಅಂತ ತಿಳೀಲಿಲ್ಲ. ನನ್ನ ಇರು ಅಂತ ಇದುವರೆಗೆ ಯಾರೂ ಅಂದಿದ್ದಿಲ್ಲ. ಅದಕ್ಕೇ ದೋಷ ಅಂದ್ಕೊಂಡೆ. ನಾಳೆ ಅಂಗಡಿ ರಜ. ನೀವು ಯಾವ ಊರು ಅಂತ ಕೇಳೋಕೆ ಇಷ್ಟು ದಿನ ಧೈರ್ಯ ಆಗ್ಲಿಲ್ಲ. ಹೇಳಿದ್ರೆ ನಾನೇ ಬರ್ತೀನಿ. ನಿಮಗೆ ಊಟ ಆಯ್ತಾ?”

ಎಲ್ಲೋ ಒಂದು ಒತ್ತು ಬಿಟ್ಟುಹೋದಂತೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಕಳಿಸಿಬಿಟ್ಟಳು.