ಹೊಸ್ತಿಲಾಚೆಯ ರಬ್ಬರ್ ಚಪ್ಪಲಿ

ಅಂಗಡಿಯ ರಿಪೇರಿ ಹುಡುಗ ರೇವಂತ್ ನೆಲದ ಮೇಲೆ ಸತ್ತು ಬಿದ್ದಿದ್ದ. ಮೇಜಿನ ಮೇಲಿನ ಮಾನಿಟರ್‌ನಲ್ಲಿ ಮಾತ್ರ ಗೇಮಿನ ಬಂದೂಕು ಇನ್ನೂ ಢಂ ಢಂ ಎನ್ನುತ್ತಿತ್ತು.

1999ರ ಮೇ ತಿಂಗಳ ಮಟಮಟ ಮಧ್ಯಾಹ್ನ. ದಾವಣಗೆರೆ ವಿನೋಬನಗರದ ಕಂಪ್ಯೂಟರ್ ಅಂಗಡಿ. ಸಬ್‌ಇನ್‌ಸ್ಪೆಕ್ಟರ್ ಮೈಲಾರಲಿಂಗಪ್ಪ ಒಳಗೆ ಕಾಲಿಡುವಷ್ಟರಲ್ಲಿ ಮಾಲೀಕ ಮಹಾಂತೇಶ್ ಅಡ್ಡ ಬಂದ.

"ಬೂಟು ಹೊರಗೆ ಬಿಡ್ರಿ ಸರ್. ಒಳಗೆ ಲಕ್ಷ್ಮಿ ಫೋಟೋ ಐತೆ."

ಹೆಣ ಬಿದ್ದಿರುವಾಗ ಇವನಿಗೆ ಬೂಟಿನ ಚಿಂತೆ! ಮೈಲಾರಲಿಂಗಪ್ಪ ಅವನನ್ನು ಸರಿಸಿ ಒಳಗೆ ಹೋದರು. ರೇವಂತನದು ಬರಿಗಾಲು. ಕೈಬೆರಳಲ್ಲಿ ಗಾಯವಿಲ್ಲ. ಕುತ್ತಿಗೆಯ ಹಿಂದೆ ಎರಡು ಸುಟ್ಟ ಕಲೆ.

"ಗ್ರಾಫಿಕ್ಸ್ ಕಾರ್ಡ್ ಟೆಸ್ಟ್ ಮಾಡ್ತಿದ್ದ ಸರ್. ಭಾರೀ ಗೇಮ್ ಓಡಿಸಿ ಸ್ಪೀಡ್ ನೋಡೋದು. ಬರಿಗಾಲಾಗೆ ಮಿಷಿನ್ ಮುಟ್ಯಾನೆ, ಕರೆಂಟ್ ಹೊಡ್ದೈತೆ. ಊಟ ಮುಗ್ಸಿ ಬಂದು ನೋಡ್ದೆ. ಏನೂ ಮುಟ್ಟಿಲ್ಲ, ಸೀದಾ ನಿಮ್ಗೆ ಫೋನ್ ಮಾಡ್ದೆ."

"ಕಾರ್ಡ್ ಯಾರ್ದು?"

"ಹರಿಹರದಾಗೆ ಗೇಮ್ಸ್ ಸೆಂಟರ್ ಇಟ್ಟಾನಲ್ಲ, ಹಿದಾಯತ್, ಅವಂದು. ನಮ್ಮಲ್ಲೇ ತಗಂಡಿದ್ದ. ಗೇಮ್ ಸರಿಯಾಗಿ ಓಡಲ್ಲ ಅಂತ ನಿನ್ನೆ ರೇವಂತನ ಕಾಲರ್ ಹಿಡಿದಿದ್ದ."

ಅಷ್ಟರಲ್ಲಿ ಗುತ್ತೂರಿನಿಂದ ರೇವಂತನ ತಂಗಿ ಬಿಂದು ಬಂದಳು. ಅಳು ಬಂದರೂ ನುಂಗಿಕೊಂಡಳು.

"ನಮ್ಮಣ್ಣ ರಬ್ಬರ್ ಚಪ್ಲಿ ಹಾಕ್ಕಳ್ದೆ ಮಿಷಿನ್ ಮುಟ್ತಿರ್ಲಿಲ್ರಿ. ಮಾಲೀಕ್ರು ಬ್ಯಾಡಂದ್ರೂ ಅದ್ಕಂತ ಅಂಗಡಿ ಒಳಗೇ ಒಂದು ಜೊತೆ ಇಟ್ಟಿದ್ದ. ಎಚ್ಚರ ಇಲ್ದೆ ಸತ್ತ ಅಂತ ಬರೀಬ್ಯಾಡ್ರಿ ಸಾಹೇಬ್ರೆ."

ಮೈಲಾರಲಿಂಗಪ್ಪ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

* * *

ಹರಿಹರದಲ್ಲಿ ಹಿದಾಯತ್ ಏನನ್ನೂ ಮುಚ್ಚಿಡಲಿಲ್ಲ.

"ಕಾಲರ್ ಹಿಡಿದಿದ್ದು ಖರೆ ಸಾಬ್. ಆದ್ರೆ ಇವತ್ತು ಸೆಂಟರ್ ಬಿಟ್ಟು ಕದಲಿಲ್ಲ, ಗಿರಾಕಿಗಳ್ನ ಕೇಳ್ರಿ. ಹನ್ನೊಂದಕ್ಕೆ ರೇವಂತನೇ ಫೋನ್ ಮಾಡಿದ್ದ. ಸೆಕೆಂಡಿಗೆ ಅರವತ್ತು ಚಿತ್ರ ಬರಬೇಕು, ಇಪ್ಪತ್ತೆರಡು ಬರ್ತಾವೆ, ಕಾರ್ಡ್ ನಕಲಿ ಅಂದ. ಇನ್ನೊಂದು ಸಲ ಟೆಸ್ಟ್ ಮಾಡಿ, ಸಂಜೆ ಬಂದು ಎಲ್ರ ಮುಂದೆ ಹೇಳ್ತೀನಿ ಅಂದಿದ್ದ."

ಆ ಸಂಜೆ ಬರಲೇ ಇಲ್ಲ.

* * *

ಮೈಲಾರಲಿಂಗಪ್ಪ ಮತ್ತೆ ಅಂಗಡಿಯ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತರು. ಮಹಾಂತೇಶನ ಚಪ್ಪಲಿಯ ಪಕ್ಕ ರೇವಂತನ ಧೂಳು ಹಿಡಿದ ಚರ್ಮದ ಚಪ್ಪಲಿ. ಅದರ ಪಕ್ಕ ಒಂದು ಜೊತೆ ರಬ್ಬರ್ ಚಪ್ಪಲಿ, ಒಪ್ಪವಾಗಿ ಜೋಡಿಸಿದ್ದು. ತಿರುಗಿಸಿ ನೋಡಿದರು. ಅಡಿಯಲ್ಲಿ ಬೀದಿಯ ಧೂಳೇ ಇರಲಿಲ್ಲ.

"ಇದು ಅಂಗಡಿ ಬಿಟ್ಟು ಆಚೆ ಬಂದಿದ್ದೇ ಇಲ್ಲ. ಇವತ್ತು ಯಾರು ತಂದಿಟ್ರು, ಮಹಾಂತೇಶ್?"

ಮಹಾಂತೇಶ್ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಮಿಷಿನ್ ಮುಟ್ಟಿ ಸತ್ತೋನಿಗೆ ಕೈ ಸುಡುತ್ತೆ, ಕುತ್ತಿಗೆ ಅಲ್ಲ. ನೀನೇ ಹಿಂದಿನಿಂದ ಬಂದು ಕರೆಂಟ್ ವೈರಿನ ಎರಡೂ ತುದಿ ಒತ್ತಿದೆ. ಕಾಲಾಗೆ ರಬ್ಬರ್ ಇದ್ರೆ ಕರೆಂಟ್ ಹೊಡೀತು ಅಂತ ಯಾರೂ ನಂಬಲ್ಲ, ಅದಕ್ಕೆ ಬಿಚ್ಚಿದೆ. ಮೇಜಿನ ಕೆಳಗೆ ತಳ್ಳಿದ್ರೆ ನಾನೂ ನಂಬ್ತಿದ್ನೇನೋ. ಆದ್ರೆ ಚಪ್ಲಿ ಹೊರಗೇ ಇಡೋ ನಿನ್ನ ಕೈ ಕೇಳ್ಲಿಲ್ಲ."

ಮಹಾಂತೇಶ್ ಗೋಡೆಯ ಫೋಟೋ ಕಡೆ ನೋಡಿ ಕುಸಿದ.

"ಹಳೇ ಕಾರ್ಡಿಗೆ ಹೊಸ ಚೀಟಿ ಅಂಟಿಸಿ ಮಾರಿದ್ದೆ ಸರ್. ಅವ್ನು ಫೋನಾಗೆ ಹೇಳಿದ್ದು ಕೇಳಿಸ್ಕಂಡೆ, ಊರೆಲ್ಲ ಮಾನ ಹೋಗ್ತಿತ್ತು. ಚಪ್ಲೀನ... ಲಕ್ಷ್ಮಿ ಮುಂದೆ ಬಿಡಾಕೆ ಮನಸ್ಸು ಬರ್ಲಿಲ್ಲ."

"ಹೆಣ ಬಿಡಾಕೆ ಬಂತಾ?"

ಮೈಲಾರಲಿಂಗಪ್ಪ ವರದಿ ಬರೆಯಲು ಕೂತರು. ಮೃತನು ಎಚ್ಚರಿಕೆಯಿಂದ ಕೆಲಸ ಮಾಡುವವನಾಗಿದ್ದನು ಎಂಬ ಸಾಲನ್ನು ಬಿಂದು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಅತ್ತಳು.