ಚಂದ್ರನಿಗೂ ಸೊಂಡಿಲು

"ರಾಜನಿಗೆ ಸೊಂಡಿಲು ಯಾಕಮ್ಮಾ?" ಎಂದು ನಾಟಕದ ಮೇಷ್ಟ್ರು ಕೇಳಿದರು.

ಚೂಟಿಯ ಅಮ್ಮ ಆಗಷ್ಟೇ ಸ್ಕೂಲಿನ ವೇದಿಕೆಯ ಹಿಂದಕ್ಕೆ ಬಂದಿದ್ದಳು. ಅವಳ ಕಣ್ಣು ರಾಜನನ್ನು ದಾಟಿ ಹೋಗಿತ್ತು. ಹಿಂದೆ ನಿಂತಿದ್ದ ಮಂತ್ರಿಯ ಪೇಟಕ್ಕೂ ಸೊಂಡಿಲು. ಗಿಳಿಗೆ ಕೊಕ್ಕಿನ ಮೇಲೊಂದು ಸೊಂಡಿಲು. ಚಂದ್ರನ ದುಂಡು ಮುಖದಿಂದಲೂ ಬೂದು ಬಟ್ಟೆಯ ಸೊಂಡಿಲು ಇಳಿದು ಹೊಟ್ಟೆಯ ಹತ್ತಿರ ತೂಗಾಡುತ್ತಿತ್ತು. ಆನೆ ಮಾತ್ರ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ಎಲ್ಲರಿಗೂ ಸೊಂಡಿಲಿದ್ದ ಮೇಲೆ ಆನೆಗೇನು ಬೆಲೆ?

ನಾಟಕ ಶುರುವಾಗಲು ಇನ್ನೊಂದೇ ಗಂಟೆ ಇತ್ತು.

ನಾಟಕದ ಬಟ್ಟೆ ಹೊಲಿದದ್ದು ಅಮ್ಮ. ಅಳತೆಗಳೆಲ್ಲ ಕಂಪ್ಯೂಟರಿನಲ್ಲಿ. ಒಂದೊಂದು ಪಾತ್ರಕ್ಕೆ ಒಂದೊಂದು ಶೀಟ್. ಅದರಲ್ಲಿ ಸೊಂಟ, ತೋಳು, ಉದ್ದ, ಜೊತೆಗೆ ಬಾಲವೋ ರೆಕ್ಕೆಯೋ. ಕೊನೆಗೆ ‘ಒಟ್ಟು’ ಅನ್ನುವ ಶೀಟ್. "ಶೀಟಿನ ವಿಷಯ ನನ್ನ ಕೇಳ್ಬೇಡಿ, ನಮ್ಮ ಚೂಟಿನ ಕೇಳಿ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಆಗೆಲ್ಲ ಚೂಟಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಮೊನ್ನೆ ಎಲ್ಲರ ಸೊಂಟಕ್ಕೂ ಎರಡು ಇಂಚು ಸಡಿಲ ಬಿಡುವ ಫಾರ್ಮುಲಾ ಹಾಕಬೇಕಿತ್ತು. ಒಂದೊಂದೇ ಶೀಟ್ ತೆರೆಯಲು ಚೂಟಿಗೇನು ಹುಚ್ಚೇ? ಶಿಫ್ಟ್ ಒತ್ತಿ ಪಾತ್ರಗಳ ಶೀಟ್‌ಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿದಳು. ಒಂದರಲ್ಲಿ ಬರೆದಳು, ಎಲ್ಲದರಲ್ಲೂ ಬಂತು. ಅಷ್ಟರಲ್ಲಿ ಅಮ್ಮ ಆನೆಗೊಂದು ಸೊಂಡಿಲು ಸೇರಿಸಲು ಹೇಳಿದಳು. ಎದುರಿಗಿದ್ದದ್ದೇ ಆನೆಯ ಶೀಟ್. ‘ಸೊಂಡಿಲು 1’ ಎಂದು ಬರೆದು ಚೂಟಿ ಆಟಕ್ಕೆ ಓಡಿದಳು. ಸೆಲೆಕ್ಟ್ ಮಾಡಿದ್ದನ್ನು ಬಿಡಿಸುವುದು ಮರೆತೇಹೋಗಿತ್ತು.

ಬಾಲ, ರೆಕ್ಕೆ, ಸೊಂಡಿಲು ಹೊಲಿಯುವುದು ಚೂಟಿಯ ಅತ್ತೆಯ ಕೆಲಸ. ಅತ್ತೆಗೆ ನಾಟಕದ ಕತೆ ಗೊತ್ತಿಲ್ಲ, ಶೀಟ್ ಹೇಳಿದರೆ ಮುಗಿಯಿತು. ಒಟ್ಟು ಹದಿನೆಂಟು ಸೊಂಡಿಲು ಎಂದಿತ್ತು. ಹದಿನೆಂಟನ್ನೂ ಹೊಲಿದು, ಬಟ್ಟೆಗಳಿಗೆ ಜೋಡಿಸಿ, ಮೂಟೆ ಕಟ್ಟಿ ನೇರ ಸ್ಕೂಲಿಗೆ ತಂದಿದ್ದಳು.

"ಈಗಿನ ನಾಟಕ ಹೀಗೇ ಇರುತ್ತೇನೋ ಅಂದ್ಕೊಂಡೆ" ಎಂದಳು ಅತ್ತೆ. ಸೊಂಡಿಲು ಚೆನ್ನಾಗಿದೆ ಎಂದು ಒಬ್ಬರೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಬೇಸರ.

ಇಷ್ಟು ವರ್ಷ ಹೊಲಿದವರು ಹೀಗಾ ಮಾಡೋದು ಎಂದು ಮೇಷ್ಟ್ರು ಅಮ್ಮನನ್ನು ತರಾಟೆಗೆ ತೆಗೆದುಕೊಂಡರು. ಮುಂದಿನ ವರ್ಷ ಬೇರೆಯವರಿಗೇ ಕೊಡುತ್ತೇವೆ ಎಂದರು. ಅಮ್ಮ ಒಮ್ಮೆ ಚೂಟಿಯ ಮುಖ ನೋಡಿದಳು. ಅಮ್ಮನಿಗೆ ಎಲ್ಲ ಗೊತ್ತಾಯಿತು.

"ತಪ್ಪಾಯ್ತು ಸರ್. ನಾನು ಒಂದ್ಸಲ ನೋಡ್ಬೇಕಿತ್ತು" ಎಂದು ತಲೆ ತಗ್ಗಿಸಿದಳು.

ಸುಮ್ಮನಿದ್ದರೆ ಚೂಟಿ ಬಚಾವಾಗುತ್ತಿದ್ದಳು. ಆದರೆ ಅಮ್ಮನ ತಗ್ಗಿದ ತಲೆ ನೋಡಲು ಅವಳಿಂದ ಆಗಲಿಲ್ಲ.

"ಅಮ್ಮ ಅಲ್ಲ ಸರ್, ನಾನು. ಆನೆಗೆ ಬರೆದದ್ದು ಎಲ್ಲರಿಗೂ ಹೋಗಿಬಿಡ್ತು."

ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಅವರ ದನಿ ಇಳಿಯಿತು. ಮೊದಲು ಬಿಚ್ಚಿ, ಆಮೇಲೆ ನೋಡೋಣ ಎಂದರು.

ಅಮ್ಮ, ಅತ್ತೆ, ಚೂಟಿ ಮೂವರೂ ಕತ್ತರಿ ಹಿಡಿದು ನೆಲದ ಮೇಲೆ ಕೂತರು. ರಾಜ, ಮಂತ್ರಿ, ಗಿಳಿ, ಚಂದ್ರ ಒಬ್ಬೊಬ್ಬರಾಗಿ ಬಂದು ತಲೆ ಬಗ್ಗಿಸಿದರು. ಕೊನೆಗೆ ಮರ ಬಂತು. ಮರವಾಗಿದ್ದವನು ಎರಡನೇ ಕ್ಲಾಸಿನ ಪುಟಾಣಿ. ಅವನಿಗೆ ಮಾತಿಲ್ಲ, ಕುಣಿತವಿಲ್ಲ. ನಾಟಕ ಮುಗಿಯುವವರೆಗೆ ಸುಮ್ಮನೆ ನಿಂತಿರಬೇಕು. ಅವನು ಸೊಂಡಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ನಂದು ಬಿಚ್ಬೇಡ ಅಕ್ಕಾ. ಇದಿದ್ರೆ ಜನ ನನ್ನೂ ನೋಡ್ತಾರೆ."

ಅವನ ಸೊಂಟ, ತೋಳು, ಉದ್ದ ಎಲ್ಲ ಚೂಟಿಗೆ ಬಾಯಿಪಾಠ. ಅವನ ಮುಖ ಸರಿಯಾಗಿ ನೋಡಿದ್ದು ಮಾತ್ರ ಈಗಲೇ. ಕತ್ತರಿ ಕೆಳಗಿಟ್ಟು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಗಡಿಯಾರ ನೋಡಿದರು, ಮರವನ್ನು ನೋಡಿದರು, ಆಮೇಲೆ ಪರದೆಯ ಕಡೆ ನಡೆದುಬಿಟ್ಟರು.

ನಾಟಕ ಮುಗಿಸಿಕೊಂಡು ಮನೆಗೆ ಬಂದವಳೇ ಚೂಟಿ ಕಂಪ್ಯೂಟರಿನ ಮುಂದೆ ಕೂತು ಸೊಂಡಿಲು ಅಳಿಸತೊಡಗಿದಳು.

"ಎಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿದ್ರೆ ಬೇಗ ಆಗಲ್ವೇನೇ?" ಎಂದಳು ಅಮ್ಮ.

"ಬೇಡಮ್ಮ."

ಒಂದೊಂದೇ ಶೀಟ್ ತೆರೆದು, ಆ ಪಾತ್ರದವರ ಮುಖ ನೆನಪಾಗುವವರೆಗೆ ಕಾದು, ಆಮೇಲೆ ಅಳಿಸಿದಳು. ಆನೆಯದನ್ನು ಹಾಗೇ ಬಿಟ್ಟಳು. ಮರದ್ದನ್ನೂ ಹಾಗೇ ಬಿಟ್ಟಳು.